ಬೆಳಕಿನ ಮದ್ದು ಮತ್ತು ಕಣ್ಣು

ಬಣ್ಣ ಹೀರಿದ ಜೀವಾಣುವನ್ನು ಬೆಳಕು ಕೊಲ್ಲಬಲ್ಲುದೆಂಬುದು ಹೊಸ ಸಂಗತಿಯಲ್ಲ. ಅಕ್ರಿಡೀನ್ ಬೆರೆಸಿದ ನೀರಿನಲ್ಲಿ ಪ್ಯಾರಮೀಸಿಯಮ್‌ಗಳು ಬೆಳಕಿಗೆ ಸಾಯುವುದನ್ನು ಮ್ಯೂನಿಕ್ ನಗರದ ವಿದ್ಯಾರ್ಥಿ ಆಸ್ಕರ್ ರಾಬ್ 1900ರಲ್ಲಿಯೇ ಪ್ರಕಟಿಸಿದರು. ವರ್ಣದ್ರವ್ಯವು ಬೆಳಕಿನ ಶಕ್ತಿಯನ್ನು ಆಮ್ಲಜನಕಕ್ಕೆ ದಾಟಿಸಿ ಅದನ್ನು ಉಗ್ರಗೊಳಿಸುತ್ತದೆ.

ಕಾರ್ನಿಯದಲ್ಲಿ ಹುಣ್ಣೆಬ್ಬಿಸಿ ದೃಷ್ಟಿಯನ್ನೇ ಕಸಿಯಬಲ್ಲ ಹರ್ಪಿಸ್ ವೈರಸ್ಸನ್ನೂ ಹೀಗೆಯೇ ಅಳಿಸಬಾರದೇಕೆ? ಪ್ರಯೋಗನಳಿಕೆಯಲ್ಲಿ ಅದು ಅಳಿಯುವುದು ನಿಜ. ಆದರೆ ಕಣ್ಣು ಪ್ರಯೋಗನಳಿಕೆಯಲ್ಲ. ವೈರಸ್ಸು ತಲೆಬುರುಡೆಯೊಳಗಿನ ನರಗ್ರಂಥಿಯಲ್ಲಿ ಅಡಗಿರುತ್ತದೆ. ಅಲ್ಲಿಗೆ ಬೆಳಕು ಮುಟ್ಟದು. ಅಷ್ಟೇ ಅಲ್ಲ, ನೇರಳಾತೀತ ಕಿರಣಗಳು ಮಲಗಿದ ವೈರಸ್ಸನ್ನು ಎಬ್ಬಿಸಲೂಬಹುದು.

ಚರ್ಮದ ಹರ್ಪಿಸ್‌ಗೆ ಈ ಚಿಕಿತ್ಸೆಯು 1970ರ ದಶಕದಲ್ಲಿ ಅಮೆರಿಕದಲ್ಲಿ ಬಳಕೆಗೆ ಬಂದಿತ್ತು. ಹೀಗೆ ಬೆಳಕಿನಿಂದ ನಿಷ್ಕ್ರಿಯಗೊಂಡ ವೈರಸ್ಸು ಹ್ಯಾಮ್‌ಸ್ಟರ್ ಇಲಿಯ ಜೀವಕೋಶಗಳಿಗೆ ಕ್ಯಾನ್ಸರಿನ ಗುಣ ತರಬಲ್ಲುದೆಂದು 1973ರಲ್ಲಿ ತಿಳಿದುಬಂದಿತು. ಚಿಕಿತ್ಸೆಯಿಂದ ಪ್ರಯೋಜನವಿಲ್ಲವೆಂದು 1975ರ ತುಲನಾತ್ಮಕ ಪರೀಕ್ಷೆ ತೋರಿಸಿತು.

ಸಂಶೋಧನೆ ನಿಲ್ಲಬೇಕೆಂಬುದು ನಮ್ಮ ಮತವಲ್ಲ. ಹೊಸ ವರ್ಣದ್ರವ್ಯಗಳ ಶೋಧ ನಡೆಯಲಿ. ಆದರೆ ಅಸೈಕ್ಲೊವಿರ್‌ನಂತಹ ಪರೀಕ್ಷಿತ ಔಷಧಿಯೊಡನೆ ತೂಗಿ ನೋಡುವವರೆಗೆ ಅವುಗಳನ್ನು ಚಿಕಿತ್ಸೆಯೆಂದು ಕರೆಯಲಾಗದು. ವೈರಸ್ಸು ಸತ್ತಿತೇ ಎಂಬುದು ಮೊದಲ ಪ್ರಶ್ನೆ. ರೋಗಿಗೆ ಕಣ್ಣು ಉಳಿಯಿತೇ ಎಂಬುದೇ ಕೊನೆಯ ಪ್ರಶ್ನೆ.