ಪಾಪ ಎಂಬ ಮಾತು

ಕನ್ನಡದಲ್ಲಿ ಎಂ.ಎ. ಮಾಡಿ, ಹತ್ತು ವರ್ಷಗಳಿಂದ ಹುಡುಗರಿಗೆ ಶಬ್ದಾರ್ಥ ಹೇಳುತ್ತ ಬಂದವನು ನಾನು. ಅಂಥ ನನಗೆ ಕಳೆದ ತಿಂಗಳು ಮನೆಯ ಸುದ್ದಿಯೊಂದನ್ನು ಬಂಧುಗಳಿಗೆ ತಿಳಿಸಲು ಒಂದು ಪದವೂ ದೊರೆಯದೆ ಹೋಯಿತೆಂದರೆ ಓದುಗರು ನಂಬುವರೋ ಇಲ್ಲವೋ!

ತಂಗಿ ಚೊಚ್ಚಲ ಹೆರಿಗೆಗೆಂದು ಕಂಪ್ಲಿಯಿಂದ ಹೊಸಪೇಟೆಗೆ ಬಂದಿದ್ದಳು. ಹೆಣ್ಣು ಮಗುವಾಯಿತು. ಮಗುವಿನ ಓರೆಗಣ್ಣು, ಸಡಿಲ ಮೈ, ಅಂಗೈಯ ಒಂದೇ ಅಡ್ಡಗೆರೆಗಳನ್ನು ಕಂಡ ವೈದ್ಯರು ರಕ್ತಪರೀಕ್ಷೆ ಮಾಡಿಸಿದರು. ಎರಡು ವಾರಗಳಲ್ಲಿ ಖಚಿತವಾಯಿತು: ಡೌನ್ ಸಿಂಡ್ರೋಮ್.

ನೋಡಬಂದವರೆಲ್ಲರ ಬಾಯಲ್ಲಿ ಒಂದೇ ಮಾತು—“ಪಾಪ!” ಕೆಲವರು ಅದಕ್ಕೆ ‘ಹಿಂದಿನ ಜನ್ಮದ್ದು’ ಎಂಬ ವಿಶೇಷಣವನ್ನೂ ಸೇರಿಸಿದರು. ನಾನೂ ಮನಸ್ಸಿನಲ್ಲಿ ಅದನ್ನೇ ಅಂದುಕೊಂಡಿದ್ದೆನೆಂದು ಒಪ್ಪಿಕೊಳ್ಳಲು ನಾಚಿಕೆಯಾಗುತ್ತದೆ.

ಆ ರಾತ್ರಿ ಪುಸ್ತಕ ಹಿಡಿದು ಕುಳಿತೆ. 1866ರಲ್ಲಿ ಇಂಗ್ಲೆಂಡಿನ ಡಾಕ್ಟರ್ ಡೌನ್ ಇಂಥ ಮಕ್ಕಳ ಲಕ್ಷಣಗಳನ್ನು ಬರೆದಿಟ್ಟರು. ಕಾರಣ ತಿಳಿಯಲು 1959ರವರೆಗೆ ಕಾಯಬೇಕಾಯಿತು. ಆ ವರ್ಷ ಫ್ರಾನ್ಸಿನ ಲೆಜೂನ್ ಮತ್ತು ಸಂಗಡಿಗರು, ಜೀವಕೋಶದಲ್ಲಿ 46 ವರ್ಣತಂತುಗಳಿರಬೇಕಾದಲ್ಲಿ ಈ ಮಕ್ಕಳಲ್ಲಿ 47 ಇರುತ್ತವೆಂದು ಪ್ರಕಟಿಸಿದರು. ಹೆಚ್ಚಿನದು 21ನೆಯದು. ತಾಯಿಯ ವಯಸ್ಸು ಏರಿದಂತೆ ಸಂಭವ ಹೆಚ್ಚುವುದು ನಿಜ; ಆದರೆ ಎಳೆಯ ತಾಯಂದಿರಿಗೂ ಇಂಥ ಮಕ್ಕಳು ಹುಟ್ಟುತ್ತಾರೆ. ತಾಯಿ ಉಂಡದ್ದೂ ಕಾರಣವಲ್ಲ, ಗ್ರಹಣವೂ ಅಲ್ಲ. ಹಾಗಿರಲು ಪಾಪವೆಲ್ಲಿ ಬಂತು?

ಮಾಡಬೇಕಾದದ್ದು ಬೇರೆಯೇ ಇತ್ತು. ಇಂಥ ಮಕ್ಕಳಲ್ಲಿ ಸುಮಾರು ಅರ್ಧದಷ್ಟು ಮಂದಿಗೆ ಹೃದಯದೋಷವಿರುವುದರಿಂದ ಮೊದಲು ಅದರ ಪರೀಕ್ಷೆ. ಬಳಿಕ ಥೈರಾಯ್ಡ್, ಕಿವಿ, ಕಣ್ಣು. ಹಾಲು ಚೀಪುವುದು ನಿಧಾನ, ಆದ್ದರಿಂದ ತಾಳ್ಮೆ. ಕೂಡುವುದು, ನಡೆಯುವುದು, ನುಡಿಯುವುದು ಎಲ್ಲವೂ ತಡ. ಆದರೆ ಎಳವೆಯಲ್ಲೇ ವ್ಯಾಯಾಮವನ್ನೂ ಮಾತನ್ನೂ ಕಲಿಸತೊಡಗಿದರೆ ಬಹಳ ಉಪಯೋಗ. 2016ರ ಕಾನೂನು ಇಂಥ ಮಕ್ಕಳಿಗೆ ಶಾಲೆಯ ಬಾಗಿಲನ್ನೂ ತೆರೆದಿದೆ.

ಇಷ್ಟು ತಿಳಿದರೂ ತೊಟ್ಟಿಲ ಶಾಸ್ತ್ರದ ಆಮಂತ್ರಣ ಬರೆಯಲು ಕೈ ಬರಲಿಲ್ಲ. “ಈ ಸಲ ಮನೆಮಟ್ಟಿಗೆ ಮುಗಿಸೋಣ” ಎಂದಳು ಅವ್ವ. ಕಂಪ್ಲಿಯ ಬೀಗರಿಂದ ಮಾತೇ ಇಲ್ಲ. ಒಳಗಿನಿಂದ ತಂಗಿ ಕೇಳಿದಳು: “ಅಣ್ಣಾ, ಬೇರೆ ಕೂಸಾಗಿದ್ದರೆ ಎಷ್ಟು ಮನೆಗೆ ಗುಗ್ಗರಿ ಹಂಚುತ್ತಿದ್ದೆ?” ನನ್ನಲ್ಲಿ ಉತ್ತರವಿರಲಿಲ್ಲ.

ಉತ್ತರ ಸಂಡೂರಿನ ಬಸ್ಸಿನಿಂದ ಇಳಿಯಿತು. ಎಂಬತ್ತರ ಅಜ್ಜಿ ಕಾಲು ತೊಳೆದವಳೇ ಕೂಸನ್ನು ಮಡಿಲಿಗೆ ಹಾಕಿಕೊಂಡಳು. ಪಕ್ಕದಮನೆಯಾಕೆ ಎಂದಿನಂತೆ “ಪಾಪ” ಎಂದಾಗ ಅಜ್ಜಿ ತಲೆಯೆತ್ತಿ, “ಹೌದವ್ವಾ, ಪಾಪನೇ. ಕೂಸಿಗೆ ಪಾಪ ಅನ್ನದೆ ಮತ್ತೇನಂತಾರ? ಕಣ್ಣಾಗಿನ ಗೊಂಬಿಗೂ ಪಾಪೆ ಅಂತಾರ” ಎಂದಳು. ಆಮೇಲೆ ನನ್ನ ಕಡೆ ತಿರುಗಿ, “ಏನೋ ಮಾಸ್ತರ, ಕಡಲೆ ನೆನೆಹಾಕಿಸಿದೆಯೋ ಇಲ್ಲವೋ?”

ಇಪ್ಪತ್ತೊಂದನೆಯ ದಿನ ತೊಟ್ಟಿಲು ತೂಗಿತು. ನಲವತ್ತು ಮನೆಗಳಿಗೆ ಗುಗ್ಗರಿ ಹೋಯಿತು. ಬೀಗರಲ್ಲಿ ಮಾವನವರು ಬರಲಿಲ್ಲ. ಅತ್ತೆಯವರು ಮಾತ್ರ ತಡವಾಗಿ ಬಂದು, ಬೆಳ್ಳಿಯ ಉಡುದಾರ ಕಟ್ಟಿ, ಮಗುವಿನ ಮುಖವನ್ನು ಬಹಳ ಹೊತ್ತು ನೋಡಿದರು. ಮಗು ಅವರ ಬೆರಳನ್ನು ಹಿಡಿದುಕೊಂಡಿತು, ಸಡಿಲವಾಗಿಯೇ. ಅವರು ಬಿಡಿಸಿಕೊಳ್ಳಲಿಲ್ಲ.

ಹೃದಯಪರೀಕ್ಷೆಗೆ ಮುಂದಿನ ವಾರ ಹೋಗಬೇಕು. ಅತ್ತೆಯವರೂ ಜೊತೆಗೆ ಬರುವರಂತೆ.