ಸಮ ಚಿಹ್ನೆಯ ಮರ್ಯಾದೆ

ನಾನು ಬಿ.ಎ.ಗೆ ಅರ್ಥಶಾಸ್ತ್ರದ ಜೊತೆ ಗಣಿತ ಓದಿದವಳು. ಆ ಒಂದು ಕಾರಣಕ್ಕೆ ಇಪ್ಪತ್ತೇಳು ವರ್ಷಗಳಿಂದ ಏಳು, ಎಂಟನೆಯ ತರಗತಿಯ ಬೀಜಗಣಿತ ನನ್ನ ಕೊರಳಿಗೇ ಬಿದ್ದಿದೆ. ಬೇಸರವೇನಿಲ್ಲ. ಸಮ ಚಿಹ್ನೆ ಎಂದರೆ ತಕ್ಕಡಿ ಎಂದು ಶುರುಮಾಡುತ್ತೇನೆ. ತಾಯಿಯ ಜೊತೆ ಸಂತೆಗೆ ಹೋಗುವ ಮಕ್ಕಳಿಗೆ ಅದು ಬೇಗ ಹತ್ತುತ್ತದೆ.

ಎರಡು ವರ್ಷದ ಹಿಂದೆ ಎಂಟನೆಯ ತರಗತಿಯ ಹುಡುಗಿಯೊಬ್ಬಳು ಕಂಪ್ಯೂಟರ್ ಪರೀಕ್ಷೆಯ ಉತ್ತರ ಪತ್ರಿಕೆ ಹಿಡಿದು ಸ್ಟಾಫ್ ರೂಮಿನ ಬಾಗಿಲಲ್ಲಿ ನಿಂತಳು. ಪ್ರಶ್ನೆ ಹೀಗಿತ್ತು: ಎಕ್ಸ್ = 5. ಅದರ ಕೆಳಗೆ, ಎಕ್ಸ್ = ಎಕ್ಸ್ + 1. ಈಗ ಎಕ್ಸ್‌ನ ಬೆಲೆ ಎಷ್ಟು? ಅವಳು ಎರಡೂ ಕಡೆಯಿಂದ ಎಕ್ಸ್ ಕಳೆದು, 0 = 1 ಎಂದು ಬರೆದು, ‘ಆದ್ದರಿಂದ ಇದು ಸಾಧ್ಯವಿಲ್ಲ’ ಎಂದು ಅಡಿಗೆರೆ ಎಳೆದಿದ್ದಳು. ಸೊನ್ನೆ ಬಿದ್ದಿತ್ತು. “ಮಿಸ್, ನೀವು ಹೇಳಿಕೊಟ್ಟ ಹಾಗೇ ಮಾಡಿದ್ದೀನಿ” ಎಂದಳು. ನಾನೇನು ಮಾಡಿದೆ? “ಅದು ಕಂಪ್ಯೂಟರು, ಇದು ಗಣಿತ. ಅಲ್ಲಿ ಆರು ಅಂತ ಬರೀಬೇಕು, ಹೋಗು” ಎಂದೆ. ಹೋದಳು. ಆಮೇಲೆ ನನ್ನ ಪೀರಿಯಡ್ಡಿನಲ್ಲೂ ಕೈ ಎತ್ತಲಿಲ್ಲ.

ಅಂದಿನಿಂದ ನನಗೆ ಈ ಗೆರೆಗಳ ಹುಚ್ಚು ಹಿಡಿಯಿತು. ಬೆಂಗಳೂರಿನಲ್ಲಿ ಸಾಫ್ಟ್‌ವೇರ್ ಕೆಲಸದಲ್ಲಿರುವ ಅಕ್ಕನ ಮಗನನ್ನು ಕಾಡಿ ಪುಸ್ತಕ ತರಿಸಿಕೊಂಡೆ. 1557ರಲ್ಲಿ ರಾಬರ್ಟ್ ರೆಕಾರ್ಡ್ ಎಂಬ ವೇಲ್ಸ್ ದೇಶದ ವೈದ್ಯ ಈ ಚಿಹ್ನೆಯನ್ನು ಬರೆದಾಗ, ಒಂದೇ ಉದ್ದದ ಎರಡು ಸಮಾನಾಂತರ ಗೆರೆಗಳಿಗಿಂತ ಹೆಚ್ಚು ಸಮನಾದದ್ದು ಬೇರೇನಿದೆ ಎಂದು ಕಾರಣ ಕೊಟ್ಟಿದ್ದ. ನಾಲ್ಕು ಶತಮಾನ ಆ ಮಾತು ನಡೆಯಿತು. 1957ರಲ್ಲಿ ಐಬಿಎಂ ಕಂಪನಿಯ ಜಾನ್ ಬ್ಯಾಕಸ್ ಮತ್ತು ಸಂಗಡಿಗರ ಫೋರ್ಟ್ರಾನ್ ಭಾಷೆ ಬಂತು. ಅದರಲ್ಲಿ ಸಮ ಚಿಹ್ನೆಗೆ ‘ಬಲಗಡೆಯದನ್ನು ಲೆಕ್ಕಹಾಕಿ ಎಡಗಡೆಯ ಡಬ್ಬಿಗೆ ತುಂಬು, ಹಳೆಯದನ್ನು ಅಳಿಸು’ ಎಂಬ ಅರ್ಥ. ಅಲ್ಗಾಲ್ ಭಾಷೆ ಮುಂದೊಂದು ಎರಡು ಚುಕ್ಕೆ ಇಟ್ಟು ಬೇರೆ ಚಿಹ್ನೆ ಮಾಡಿತು. ಆದರೆ ಸಿ ಭಾಷೆ ಮತ್ತೆ ಹಳೆಯ ಚಾಳಿಗೇ ಬಂತು. ನಮ್ಮ ಮಕ್ಕಳ ಪೈಥಾನ್ ಕೂಡ ಅದೇ ಜಾಡಿನದು.

ತಮಾಷೆ ಕೇಳಿ. ಅದೇ ಬ್ಯಾಕಸ್, 1977ರಲ್ಲಿ ಟ್ಯೂರಿಂಗ್ ಪ್ರಶಸ್ತಿ ಪಡೆದು ಮಾಡಿದ ಭಾಷಣದಲ್ಲಿ, ಡಬ್ಬಿಗೆ ತುಂಬುವ ಈ ಪದ್ಧತಿಯ ಮೇಲೆಯೇ ಹರಿಹಾಯ್ದ. ಕಾರ್ಯಕ್ರಮಗಳನ್ನು ಗಣಿತದ ಫಂಕ್ಷನ್‌ಗಳ ಹಾಗೆ ಬರೆಯಬೇಕೆಂದು ವಾದಿಸಿದ. ಹಾಗೆ ಬರೆಯುವುದಕ್ಕೆ ಫಂಕ್ಷನಲ್ ಪ್ರೋಗ್ರಾಮಿಂಗ್ ಎನ್ನುತ್ತಾರೆ. ಅದರ ಬೇರು 1930ರ ದಶಕದಲ್ಲಿ ಅಲೊಂಜೊ ಚರ್ಚ್ ರೂಪಿಸಿದ ಲ್ಯಾಂಬ್ಡಾ ಕಲನದಲ್ಲಿದೆ, ಎಂದರೆ ಕಂಪ್ಯೂಟರಿಗಿಂತ ಹಳೆಯದು. 1990ರ ಹ್ಯಾಸ್ಕೆಲ್ ಭಾಷೆಯಲ್ಲಿ ಒಂದು ಹೆಸರಿಗೆ ಒಂದೇ ಬೆಲೆ. ಸಮ ಎಂದರೆ ಸಮ. ಒಂದರ ಜಾಗದಲ್ಲಿ ಇನ್ನೊಂದನ್ನು ಧೈರ್ಯವಾಗಿ ಇಡಬಹುದು. ಅಲ್ಲಿ ಎಕ್ಸ್ = ಎಕ್ಸ್ + 1 ಎಂದು ಬರೆದು ಎಕ್ಸ್ ಎಷ್ಟೆಂದು ಕೇಳಿದರೆ ಯಂತ್ರ ಆರು ಎನ್ನುವುದಿಲ್ಲ. ಎಕ್ಸ್ ತಿಳಿಯಲು ಎಕ್ಸ್ ಬೇಕು, ಅದಕ್ಕೆ ಮತ್ತೆ ಎಕ್ಸ್ ಬೇಕು ಎಂದು ಸುತ್ತುತ್ತಾ ಕೂರುತ್ತದೆ.

ಇದನ್ನು ನಾವು ಶಿಕ್ಷಕರು ವಿದೇಶದಿಂದ ಕಲಿಯಬೇಕಾಗಿಲ್ಲ. ಹಾಜರಿ ಪುಸ್ತಕದಲ್ಲಿ ಒಂದು ಅಂಕಿಯನ್ನು ಕೆರೆದು ಮೇಲೆ ಬರೆದು ನೋಡಿ, ತಪಾಸಣೆಯ ದಿನ ಏನಾಗುತ್ತದೆ! ಕಳೆದ ತಿಂಗಳ ಮೊತ್ತ ಹಾಗೇ ಇರಬೇಕು, ಈ ತಿಂಗಳಿಗೆ ಹೊಸ ಕಾಲಂ. ಎಲ್ಲಿ ತಪ್ಪಾಯಿತೆಂದು ಹಿಂದೆ ತಿರುಗಿ ನೋಡಲು ಸಾಧ್ಯವಾಗುವುದು ಅದರಿಂದಲೇ.

ತರಬೇತಿಯೊಂದರಲ್ಲಿ ಈ ಮಾತೆತ್ತಿದಾಗ ಸಂಪನ್ಮೂಲ ವ್ಯಕ್ತಿಯೊಬ್ಬರು ನಕ್ಕರು. “ಮೇಡಂ, ಕರ ಅಂದರೆ ಕೈ, ಕರ ಅಂದರೆ ತೆರಿಗೆ. ಮಕ್ಕಳು ಗೊಂದಲ ಮಾಡಿಕೊಳ್ಳುತ್ತಾರಾ?” ಇಲ್ಲ, ಸ್ವಾಮಿ. ಏಕೆಂದರೆ ಕನ್ನಡದ ಮೇಷ್ಟ್ರು ‘ನಾನಾರ್ಥ’ ಎಂದು ಶೀರ್ಷಿಕೆ ಹಾಕಿ ಎರಡನ್ನೂ ಬರೆಸುತ್ತಾರೆ. ನೀವು ಯಾವ ಪಾಠದಲ್ಲಿ ಸಮ ಚಿಹ್ನೆಗೆ ನಾನಾರ್ಥ ಬರೆಸಿದ್ದೀರಿ? ಹೇಳದೆ ಅರ್ಥ ಬದಲಿಸಿ, ಹಳೆಯ ಅರ್ಥಕ್ಕೆ ನಿಷ್ಠಳಾದವಳಿಗೆ ಸೊನ್ನೆ ಕೊಟ್ಟಿದ್ದೀರಿ.

ಯಂತ್ರದ ಒಳಗೆ ಅಳಿಸಿ ಬರೆಯುವುದೇ ನಡೆಯುತ್ತದೆ, ನಿಜ. ಕೆಲವು ಕೆಲಸಗಳಿಗೆ ಅದೇ ವೇಗ, ಅದನ್ನೂ ಒಪ್ಪುತ್ತೇನೆ. ಪೈಥಾನ್ ಬಿಡಿ ಎಂದು ನಾನು ಹೇಳುತ್ತಿಲ್ಲ. ಕೆಲಸ ಸಿಗುವುದು ಅದರಲ್ಲಿ ಎನ್ನುತ್ತಾರೆ, ಸಿಗಲಿ. ಆದರೆ ಹದಿಮೂರು ವರ್ಷದ ಮಗುವಿಗೆ ಮೊದಲ ಪಾಠವೇ ಇದಾಗಬೇಕೆ? ಅಮೆರಿಕದಲ್ಲಿ ಬೂಟ್‌ಸ್ಟ್ರ್ಯಾಪ್ ಎಂಬ ಪಠ್ಯಕ್ರಮವಿದೆ. ಈ ವಯಸ್ಸಿನ ಮಕ್ಕಳು ಫಂಕ್ಷನ್‌ಗಳನ್ನೇ ಬರೆದು ಸಣ್ಣ ವಿಡಿಯೋ ಆಟ ಕಟ್ಟುತ್ತಾರೆ, ಬೀಜಗಣಿತ ಗಟ್ಟಿಯಾಗುತ್ತದೆ.

ಅಷ್ಟು ದೂರವೇಕೆ, ನಮ್ಮ ಆಫೀಸಿನ ಎಕ್ಸೆಲ್ ಸಾಕು. ಅದರ ಸೂತ್ರಗಳು ಈ ಜಾತಿಗೇ ಸೇರಿದವು. ಹ್ಯಾಸ್ಕೆಲ್ ರೂಪಿಸಿದವರಲ್ಲೊಬ್ಬರಾದ ಸೈಮನ್ ಪೇಟನ್ ಜೋನ್ಸ್ 2003ರಲ್ಲೇ ಎಕ್ಸೆಲ್ ಬಳಸುವವರು ತಮ್ಮದೇ ಫಂಕ್ಷನ್ ಬರೆಯುವಂತಾಗಬೇಕೆಂದು ಇಬ್ಬರೊಡನೆ ಪ್ರಬಂಧ ಬರೆದಿದ್ದರು; 2020ರ ಡಿಸೆಂಬರಿನಲ್ಲಿ ಮೈಕ್ರೋಸಾಫ್ಟ್ ಲ್ಯಾಂಬ್ಡಾ ಎಂಬ ಹೆಸರಿನಲ್ಲೇ ಆ ಸೌಲಭ್ಯ ಪ್ರಕಟಿಸಿತು. ಒಂದು ಸಂಜೆ ಅಂಕಪಟ್ಟಿ ಮುಗಿಸಿ, ಎ1 ಎಂಬ ಮನೆಯಲ್ಲಿ ‘ಎ1ಕ್ಕೆ ಒಂದು ಕೂಡಿಸು’ ಎಂಬ ಸೂತ್ರ ಹಾಕಿದೆ. ತಕ್ಷಣ ಎಚ್ಚರಿಕೆ ಎದ್ದಿತು: ಸೂತ್ರ ತನ್ನನ್ನೇ ಅವಲಂಬಿಸಿದೆ, ಲೆಕ್ಕ ಸರಿಬಾರದಿರಬಹುದು. ಆ ಹುಡುಗಿಯ ಉತ್ತರವೇ! ಗುಮಾಸ್ತರು ಇಣುಕಿ “ಕೆಟ್ಟುಹೋಯಿತೇ ಮೇಡಂ?” ಎಂದರು.

ನಮ್ಮ ಕಂಪ್ಯೂಟರ್ ಮೇಷ್ಟ್ರು ಒಳ್ಳೆಯವರು. ಯಂತ್ರದಲ್ಲಿ ಸಮ ಚಿಹ್ನೆ ಒತ್ತಿದರೂ ಹಲಗೆಯ ಮೇಲೆ ಎಡಕ್ಕೆ ಬಾಣ ಬರೆಯಲು ಈ ವರ್ಷ ಒಪ್ಪಿದ್ದಾರೆ. ಹುಡುಗಿ ಈಗ ಹತ್ತನೆಯಲ್ಲಿದ್ದಾಳೆ. ಮೊನ್ನೆ ಕಾರಿಡಾರಿನಲ್ಲಿ ನಿಲ್ಲಿಸಿ, ಆ ಉತ್ತರ ಪತ್ರಿಕೆ ಇದ್ದರೆ ತಂದುಕೊಡು, ಅವಳು ಬರೆದದ್ದು ಸರಿಯೆಂದು ಅದರ ಮೇಲೆ ಸಹಿ ಮಾಡಬೇಕು ಎಂದೆ.

“ಅವತ್ತೇ ಹರಿದು ಹಾಕಿದೆ, ಮಿಸ್” ಎಂದಳು.