ತೋಪಿನ ಸದ್ದಿಗೆ ಒಲಿದ ದೇಶಭಕ್ತಿ

ಜುಲೈ 4 ಅಮೆರಿಕದ ಸ್ವಾತಂತ್ರ್ಯ ದಿನ. ಅಂದು ರಾತ್ರಿ ಅಲ್ಲಿನ ಎಷ್ಟೋ ನಗರಗಳಲ್ಲಿ ಬಾಣಬಿರುಸುಗಳಿಗೆ ಜೊತೆಯಾಗಿ ನುಡಿಸುವ ಕೃತಿ ಅಮೆರಿಕದ್ದಲ್ಲ. ರಷ್ಯದ ಚೈಕೋವ್‌ಸ್ಕಿ 1880ರಲ್ಲಿ ರಚಿಸಿದ ‘1812’. ನೆಪೋಲಿಯನ್ನನ ದಂಡು ರಷ್ಯದಿಂದ ಹಿಮ್ಮೆಟ್ಟಿದ ಕಥೆಯೇ ಅದರ ವಸ್ತು. ಕೊನೆಯಲ್ಲಿ ಮೊಳಗುವುದು, ಝಾರ್ ದೊರೆಯನ್ನು ಕಾಪಾಡೆಂದು ದೇವರನ್ನು ಬೇಡುವ ಗೀತೆಯ ಧಾಟಿ. ಅರಸೊತ್ತಿಗೆಯನ್ನು ಧಿಕ್ಕರಿಸಿ ಹುಟ್ಟಿದ ಗಣರಾಜ್ಯವು ತನ್ನ ಹುಟ್ಟುಹಬ್ಬದಂದು ಪರದೇಶದ ಚಕ್ರವರ್ತಿಯ ಸ್ತುತಿಗೆ ಕರತಾಡನ ಮಾಡುತ್ತದೆ! ಸೋಲುವ ಪಕ್ಷದ ಗುರುತಾಗಿ ಅದರಲ್ಲಿ ಕೇಳಿಬರುವ ರಾಷ್ಟ್ರಗೀತೆಯಾದರೋ, ಅಮೆರಿಕದ ಸ್ವಾತಂತ್ರ್ಯ ಸಮರಕ್ಕೆ ನೆರವಾದ ಫ್ರಾನ್ಸಿನದು.

ಈ ವಾಡಿಕೆ ಬಲಗೊಂಡದ್ದು 1974ರಲ್ಲಿ. ಬಾಸ್ಟನ್ನಿನ ಚಾರ್ಲ್ಸ್ ನದಿಯ ದಂಡೆಯಲ್ಲಿ ಆರ್ಥರ್ ಫೀಡ್ಲರ್ ಅವರು ಬಾಸ್ಟನ್ ಪಾಪ್ಸ್ ವಾದ್ಯವೃಂದದಿಂದ ಇದನ್ನು ನುಡಿಸಿ, ತೋಪು, ಗಂಟೆ, ಬಾಣಬಿರುಸುಗಳನ್ನು ಒಂದುಗೂಡಿಸಿದರು. ತೋಪಿನ 16 ಹೊಡೆತಗಳನ್ನು ಚೈಕೋವ್‌ಸ್ಕಿ ಸ್ವರಲಿಪಿಯಲ್ಲಿಯೇ ಬರೆದಿಟ್ಟಿದ್ದಾನೆ. ಸಿಡಿಮದ್ದಿಗೆ ಇದಕ್ಕಿಂತ ಒಪ್ಪುವ ಸಂಗೀತ ಬೇರೆಲ್ಲಿ ಸಿಕ್ಕೀತು?

ಕೃತಿ ಹೊರಗಿನದೆಂಬುದು ನನ್ನ ತಕರಾರಲ್ಲ. ವೃತ್ತಿಜೀವನವನ್ನೆಲ್ಲ ಹೊರನಾಡಿನಲ್ಲಿ ಸವೆಸಿದವನಿಗೆ ಆ ತಕರಾರು ಶೋಭಿಸುವುದೂ ಇಲ್ಲ. ಆದರೆ ಸದ್ದೊಂದೇ ಆಯ್ಕೆಗೆ ಆಧಾರವಾದರೆ ಕೇಳುಗನ ಎದೆ ನಡುಗೀತು, ಮನಸ್ಸು ಮಿಡಿಯಲಾರದು.

ನಮ್ಮ ದೆಹಲಿಯಲ್ಲಿ ನಡೆದದ್ದು ಇದರ ತಿರುವುಮುರುವು. ಗಣರಾಜ್ಯೋತ್ಸವಕ್ಕೆ ತೆರೆ ಎಳೆಯುವ ಜನವರಿ 29ರ ಬೀಟಿಂಗ್ ರಿಟ್ರೀಟಿನಲ್ಲಿ, ವಿಜಯ ಚೌಕದ ಮುಸ್ಸಂಜೆಯಲ್ಲಿ, ‘ಅಬೈಡ್ ವಿತ್ ಮಿ’ ಎಂಬ ಕ್ರೈಸ್ತ ಪ್ರಾರ್ಥನೆಯನ್ನು ದಶಕಗಳ ಕಾಲ ನುಡಿಸುತ್ತಿದ್ದರು. ಗಾಂಧೀಜಿಗೆ ಪ್ರಿಯವಾದ ಗೀತೆ. ಹೊತ್ತು ಮುಳುಗುವಾಗ ಜೊತೆಗಿರೆಂದು ದೇವರನ್ನು ಕೇಳುವ ಆ ಧಾಟಿ, ಧ್ವಜವಿಳಿಸುವ ಗಳಿಗೆಗೆ ಎಷ್ಟು ಹೊಂದುತ್ತಿತ್ತೆಂಬುದನ್ನು ಕೇಳಿದವರೇ ಬಲ್ಲರು. 2022ರಲ್ಲಿ ಅದನ್ನು ಕೈಬಿಟ್ಟು ‘ಏ ಮೇರೆ ವತನ್ ಕೆ ಲೋಗೋ’ ಸೇರಿಸಲಾಯಿತು. ಕವಿ ಪ್ರದೀಪರ ಈ ಗೀತೆಯೂ ಹೃದಯಸ್ಪರ್ಶಿಯೇ. 1962ರ ಯುದ್ಧದಲ್ಲಿ ಮಡಿದವರ ನೆನಪು ಅದರಲ್ಲಿದೆ. ಅದನ್ನು ಸೇರಿಸಲು ಇದನ್ನು ತೆಗೆಯಲೇಬೇಕಿತ್ತೇ? ದೇಶೀಯವಲ್ಲವೆಂಬ ವಾದವನ್ನು ನಾನು ಒಪ್ಪಲಾರೆ. ಹಾಗೆ ನೋಡಿದರೆ ಬ್ಯಾಗ್‌ಪೈಪ್ ನಮ್ಮ ಯಾವ ಊರಿನದು?

ಹೊರನಾಡ ಸಂಘಗಳವರಾದ ನಮಗೂ ನವೆಂಬರ್ 1 ಇದೆ. ನೆರೆಹೊರೆಯ ಅನ್ಯಭಾಷಿಕರು ಕನ್ನಡವನ್ನು ಕಿವಿಯಾರೆ ಕೇಳುವುದು ಬಹುಮಟ್ಟಿಗೆ ಅಂದೇ. ಪಟಾಕಿಯ ಅಬ್ಬರಕ್ಕೆ ಸರಿಗಟ್ಟುವ ಚಿತ್ರಗೀತೆಯನ್ನೇ ಧ್ವನಿವರ್ಧಕಕ್ಕೆ ಹಾಕಬೇಕೆಂದು ಯಾರೂ ಕಟ್ಟುಮಾಡಿಲ್ಲವಷ್ಟೆ. ಪಟಾಕಿಯ ಲೆಕ್ಕ ಬರೆಯುವ ಮುನ್ನ, ಹಾಡು ಬಲ್ಲ ಒಬ್ಬರನ್ನಾದರೂ ಉತ್ಸವ ಸಮಿತಿಗೆ ಕರೆಯಬೇಕೆಂದು ಪದಾಧಿಕಾರಿಗಳಲ್ಲಿ ನನ್ನ ಅರಿಕೆ.